ಗಾಜು ಗಟ್ಟಿ ಇದೆ, ಗೇಟಿನಲ್ಲಿ ಎಣಿಸುವವರು ಯಾರು?

ಬರೀ ಹದಿಮೂರು ದಿನ. ಚೀನಾದ ಝಾಂಗ್‌ಜಿಯಾಜಿ ಗಾಜಿನ ಸೇತುವೆ ಮೊದಲ ಸಲ ತೆರೆದು, ಮುಚ್ಚಿದ್ದು ಅಷ್ಟರಲ್ಲೇ. 2016ರ ಆಗಸ್ಟ್ 20ಕ್ಕೆ ಜನರನ್ನು ಬಿಟ್ಟರು, ಸೆಪ್ಟೆಂಬರ್ 2ಕ್ಕೆ ಬಂದ್ ಮಾಡಿದರು. ಗಾಜು ಒಡೆದಿರಲಿಲ್ಲ. ಕೇಬಲ್ ಸಡಿಲ ಆಗಿರಲಿಲ್ಲ. ಯಾರೂ ಬಿದ್ದಿರಲಿಲ್ಲ. ದಿನಕ್ಕೆ 8,000 ಜನ ಅಂತ ಲೆಕ್ಕ ಹಾಕಿ ಮಾಡಿದ ಜಾಗಕ್ಕೆ ಅದರ ಹತ್ತು ಪಟ್ಟು ಜನ ಬರೋಕೆ ಶುರು ಮಾಡಿದ್ದರು, ಅಷ್ಟೇ. ಟಿಕೆಟ್ ವ್ಯವಸ್ಥೆ, ಪಾರ್ಕಿಂಗ್, ಜನರನ್ನು ಸಾಲಾಗಿ ಒಳಗೆ ಬಿಡುವ ಏರ್ಪಾಡು ಯಾವುದೂ ಸಾಕಾಗಲಿಲ್ಲ. ಅದನ್ನೆಲ್ಲ ಸರಿಮಾಡಿ ತಿಂಗಳ ಕೊನೆಗೆ ಮತ್ತೆ ತೆರೆದರು.

ಈ ಸೇತುವೆ ಇರುವುದು ಹುನಾನ್ ಪ್ರಾಂತ್ಯದಲ್ಲಿ, ಕಣಿವೆಯ ಎರಡು ಕಡಿದಾದ ಬಂಡೆಗಳ ನಡುವೆ. ಉದ್ದ ಸುಮಾರು 430 ಮೀಟರ್, ಅಗಲ 6 ಮೀಟರ್. ಕಾಲ ಕೆಳಗೆ ಸುಮಾರು 300 ಮೀಟರ್ ಖಾಲಿ. ಅಂದಾಜು ಬೇಕಾ? ನಮ್ಮ ಜೋಗ 253 ಮೀಟರ್. ಜೋಗದ ತಲೆಯಿಂದ ಬುಡಕ್ಕೆ ನೋಡಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತಲ್ಲ, ಇಲ್ಲಿ ಅದಕ್ಕಿಂತ ಜಾಸ್ತಿ ಆಳ, ಮತ್ತು ನೀವು ಅಂಚಿನಲ್ಲಿ ಕಂಬಿ ಹಿಡಿದು ನಿಂತಿರುವುದಲ್ಲ, ನಡುಗಾಳಿಯಲ್ಲಿ ಗಾಜಿನ ಮೇಲೆ ನಿಂತಿರುತ್ತೀರಿ. ವಿನ್ಯಾಸ ಇಸ್ರೇಲಿನ ವಾಸ್ತುಶಿಲ್ಪಿ ಹೈಮ್ ಡೋಟನ್ ಅವರದ್ದು. ಒಂದೇ ಸಲಕ್ಕೆ 800 ಜನ ನಿಲ್ಲಬಹುದು ಅಂತ ಲೆಕ್ಕ.

ಇದನ್ನು ಈಗ ಯಾಕೆ ಬರೀತಿದ್ದೀನಿ ಅಂದರೆ, ಇಂಥ ಸೇತುವೆಗಳು ಒಂದೊಂದಾಗಿ ನಮ್ಮ ಬೆಟ್ಟಗಳಿಗೂ ಬರುತ್ತಿವೆ. ಬಿಹಾರದ ರಾಜಗೀರ್‌ನಲ್ಲಿ 2021ರಲ್ಲಿ ಬಂತು. ಕೇರಳದ ವಾಗಮಣ್‌ನಲ್ಲಿ 2023ರಲ್ಲಿ, ಒಂದು ತುದಿ ಮಾತ್ರ ಬೆಟ್ಟಕ್ಕೆ ಕಚ್ಚಿಕೊಂಡು ಸುಮಾರು 40 ಮೀಟರ್ ಗಾಳಿಗೆ ಚಾಚಿಕೊಂಡಿರುವ ಸೇತುವೆ ಬಂತು. ಕೊಡಗಿನಲ್ಲಿ, ವಯನಾಡಿನಲ್ಲಿ ಖಾಸಗಿಯವರು ಮಾಡಿದವು ಇವೆ. ಇವುಗಳ ಬಗ್ಗೆ ಮಾತು ಬಂದಾಗಲೆಲ್ಲ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಗಾಜು ಒಡೆದರೆ? ಕೇಳಲೇಬೇಕಾದ ಪ್ರಶ್ನೆ ಅದು, ಬೇಡ ಅನ್ನಲ್ಲ. ಆದರೆ ಮೊದಲ ಪ್ರಶ್ನೆ ಅದಲ್ಲ ಅಂತ ನನಗೆ ಅನ್ನಿಸುತ್ತೆ.

ಆದರೂ ಗಾಜಿನಿಂದಲೇ ಶುರು ಮಾಡೋಣ. ಝಾಂಗ್‌ಜಿಯಾಜಿ ಸೇತುವೆ ತೆರೆಯುವ ಮುಂಚೆ, ಜನರ ಹೆದರಿಕೆ ಹೋಗಲಿ ಅಂತ, ಸುತ್ತಿಗೆ ಕೊಟ್ಟು ಹೊಡೆಯಿರಿ ಅಂದಿದ್ದರು. ಬಿಬಿಸಿಯ ವರದಿಗಾರರೊಬ್ಬರು ದೊಡ್ಡ ಸುತ್ತಿಗೆ ಎತ್ತಿ ಹೊಡೆದರು. ಗಾಜಿನ ಮೇಲೆ ಜೇಡರ ಬಲೆಯ ಥರ ಬಿರುಕು ಹರಡಿತು, ಆದರೆ ಸುತ್ತಿಗೆ ಆಚೆ ಹೋಗಲಿಲ್ಲ. ಆಮೇಲೆ ಜನರನ್ನು ತುಂಬಿದ ಕಾರನ್ನೇ ಬಿರುಕು ಬಿಟ್ಟ ಗಾಜಿನ ಮೇಲೆ ಓಡಿಸಿ ತೋರಿಸಿದರು. ಇದರಲ್ಲಿ ಮೋಸ ಏನಿಲ್ಲ. ಅಲ್ಲಿ ಒಂದೇ ಗಾಜು ಇರುವುದಿಲ್ಲ, ಮೂರು ಪದರ ಇರುತ್ತೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ನಿಮ್ಮ ಕಾರಿನ ಮುಂದಿನ ಗಾಜಿಗೆ ಕಲ್ಲು ಬಡಿದರೆ ಬಿರುಕು ಬಿಡುತ್ತೆ ಹೊರತು ಪುಡಿಯಾಗಿ ಮಡಿಲಿಗೆ ಬೀಳಲ್ಲ, ಅಲ್ವಾ? ಅದೇ ಉಪಾಯ. ಮೇಲಿನ ಪದರ ಹೋದರೂ ಕೆಳಗಿನವು ಭಾರ ಹೊರುತ್ತವೆ. ಜೊತೆಗೆ ಪ್ರತಿ ಪದರವನ್ನೂ 600 ಡಿಗ್ರಿಗಿಂತ ಜಾಸ್ತಿ ಕಾಯಿಸಿ, ತಟ್ಟನೆ ತಣ್ಣನೆ ಗಾಳಿ ಊದಿ ಹದ ಮಾಡಿರುತ್ತಾರೆ. ಹಾಗೆ ಮಾಡಿದಾಗ ಹೊರಮೈ ಒಳಕ್ಕೆ ಬಿಗಿದುಕೊಂಡು, ಸಾಮಾನ್ಯ ಗಾಜಿಗಿಂತ ಎಷ್ಟೋ ಗಟ್ಟಿ ಆಗುತ್ತೆ.

ಹಾಗಂತ ಗಾಜಿಗೆ ಸಾವೇ ಇಲ್ಲ ಅಂತಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಹೆನಾನ್ ಪ್ರಾಂತ್ಯದ ಯುಂಟಾಯ್ ಬೆಟ್ಟದಲ್ಲಿ ಗಾಜಿನ ನಡೆದಾರಿ ತೆರೆದರು. ಎರಡೇ ವಾರಕ್ಕೆ ಒಂದು ಗಾಜು ಬಿರುಕು ಬಿಟ್ಟಿತು. ಕಾರಣ, ಪ್ರವಾಸಿಯೊಬ್ಬರ ಕೈಯಿಂದ ಜಾರಿದ ಸ್ಟೀಲ್ ಲೋಟ! ಬಿರುಕು ಬಿಟ್ಟಿದ್ದು ಮೇಲಿನ ಪದರ ಮಾತ್ರ, ಬೀಳುವ ಅಪಾಯ ಇರಲಿಲ್ಲ. ಆದರೆ ಮೇಲೆ ಇದ್ದವರಿಗೆ ಅದು ಹೇಗೆ ಗೊತ್ತಾಗಬೇಕು? ಕಿರುಚಿಕೊಂಡು ಓಡಿದರು. ಕಿರಿದಾದ ದಾರಿಯಲ್ಲಿ ನೂಕುನುಗ್ಗಲು ಆಯಿತೆಂದರೆ ಗಾಜು ಎಷ್ಟು ಗಟ್ಟಿ ಇದ್ದರೂ ಪ್ರಯೋಜನ ಇಲ್ಲ.

ಇನ್ನು ತೀರಾ ತೆಳು ಗಾಜು ಹಾಕಿದ ಕಡೆ ಆಗಿದ್ದು ಬೇರೆ ಕಥೆ. 2023ರ ಅಕ್ಟೋಬರ್ 25ರಂದು ಇಂಡೋನೇಷ್ಯಾದ ಮಧ್ಯ ಜಾವಾದ ಬನ್ಯುಮಾಸ್‌ನಲ್ಲಿ ಗಾಜು ಒಡೆದು ಪ್ರವಾಸಿಗರು ಕೆಳಗೆ ಬಿದ್ದರು, ಒಬ್ಬರು ಸತ್ತರು. ಆ ಸೇತುವೆಗೆ ಮುನ್ನೂರು ಮೀಟರ್ ಎತ್ತರವೂ ಇರಲಿಲ್ಲ, ಅದರ ಕಾಲು ಭಾಗವೂ ಇರಲಿಲ್ಲ. ಪೈನ್ ಮರಗಳ ನಡುವೆ ಇದ್ದ ಸಣ್ಣ ಆಕರ್ಷಣೆ. ದಾಖಲೆ ಮಾಡಿದ ದೊಡ್ಡ ಸೇತುವೆಗಳ ಮೇಲೆ ಎಲ್ಲರ ಕಣ್ಣಿರುತ್ತೆ, ಎಂಜಿನಿಯರ್‌ಗಳ ತಂಡವೇ ಇರುತ್ತೆ. ಅದನ್ನು ನೋಡಿ ಬಂದು ಅದೇ ಥರದ್ದು ಕಡಿಮೆ ದುಡ್ಡಿನಲ್ಲಿ ನಮ್ಮ ತೋಟದಲ್ಲೂ ಇರಲಿ ಅಂತ ಮಾಡುತ್ತಾರಲ್ಲ, ನನಗೆ ಭಯ ಇರುವುದು ಅದರ ಬಗ್ಗೆ.

ಗಾಜು ಮುಗೀತು, ಇನ್ನು ತೂಗಾಟ. ಉದ್ದದ ತೂಗುಸೇತುವೆ ಅಲ್ಲಾಡಲೇಬೇಕು, ಅಲ್ಲಾಡದಿದ್ದರೆ ಮುರಿಯುತ್ತೆ. ಪ್ರಶ್ನೆ ಇರುವುದು ಯಾವ ತಾಳಕ್ಕೆ ಅಲ್ಲಾಡುತ್ತೆ ಅನ್ನುವುದರಲ್ಲಿ. ನಾವು ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಹಾಕುತ್ತೇವೆ. ಎಡಗಾಲು ಎಡಕ್ಕೆ ಒತ್ತುತ್ತೆ, ಬಲಗಾಲು ಬಲಕ್ಕೆ. ಅಂದರೆ ಪಕ್ಕಕ್ಕೆ ಸೆಕೆಂಡಿಗೊಂದು ತೂಗು. ಸೇತುವೆಗೂ ಅದೇ ತಾಳ ಇದ್ದರೆ, ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಆಗುತ್ತೆ. ಲಂಡನ್ನಿನ ಮಿಲೇನಿಯಂ ಸೇತುವೆಯಲ್ಲಿ ಆಗಿದ್ದು ಇದೇ. 2000ದ ಜೂನ್ 10ಕ್ಕೆ ತೆರೆದರು, ಎರಡು ದಿನಕ್ಕೆ ಮುಚ್ಚಿದರು. ಸ್ವಲ್ಪ ಅಲುಗಾಡಿದಾಗ ಜನ ಬೀಳದಿರಲಿ ಅಂತ ಕಾಲು ಅಗಲಿಸಿ ಅದರ ತಾಳಕ್ಕೇ ಹೆಜ್ಜೆ ಹಾಕಿದರು, ಅದರಿಂದ ತೂಗಾಟ ಇನ್ನೂ ಜಾಸ್ತಿ ಆಯಿತು. ಕೊನೆಗೆ ಕಾರಿನ ಶಾಕ್ ಅಬ್ಸಾರ್ಬರ್ ಥರದ ಡ್ಯಾಂಪರ್‌ಗಳನ್ನು ಸಾಲಾಗಿ ಕೂರಿಸಿ, 2002ರ ಫೆಬ್ರವರಿಯಲ್ಲಿ ಮತ್ತೆ ತೆರೆದರು. ಅದು ಥೇಮ್ಸ್ ನದಿಯ ಮೇಲಿನ ತಗ್ಗು ಸೇತುವೆ, ಹೆಸರಾಂತ ಎಂಜಿನಿಯರ್‌ಗಳು ಕಟ್ಟಿದ್ದು. ಅವರ ಲೆಕ್ಕಕ್ಕೇ ಸಿಗದ ಸಂಗತಿ ಇದು. ಗುಂಪು ಗುಂಪಾಗಿ ಸೆಲ್ಫಿಗೆ ನಿಲ್ಲುವ, ಬೇಕಂತಲೇ ಕುಣಿದು ಅಲ್ಲಾಡಿಸುವ ಹುಡುಗರಿರುವ ಬೆಟ್ಟದ ಸೇತುವೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಆಮೇಲೆ ಗಾಳಿ. 2021ರ ಮೇ 7ರಂದು ಚೀನಾದ ಜಿಲಿನ್ ಪ್ರಾಂತ್ಯದ ಲಾಂಗ್‌ಜಿಂಗ್ ಹತ್ತಿರ, ಪಿಯಾನ್ ಬೆಟ್ಟದ ಗಾಜಿನ ಸೇತುವೆಗೆ ಗಂಟೆಗೆ 150 ಕಿಲೋಮೀಟರ್ ವೇಗದ ಗಾಳಿ ಬೀಸಿತು. ಗಾಜಿನ ಹಲಗೆಗಳೇ ಹಾರಿಹೋದವು. ಒಬ್ಬ ಮನುಷ್ಯ ನೂರು ಮೀಟರ್ ಎತ್ತರದಲ್ಲಿ ಬರೀ ಕಬ್ಬಿಣದ ಚೌಕಟ್ಟು ಹಿಡಿದುಕೊಂಡು ಸಿಕ್ಕಿಬಿದ್ದ. ಆ ಚಿತ್ರ ನೀವೂ ನೋಡಿರಬಹುದು, ನನಗಂತೂ ಇವತ್ತಿಗೂ ಮರೆತಿಲ್ಲ: ಹಲಗೆ ಇರಬೇಕಾದ ಕಡೆ ಚೌಕ ಚೌಕ ತೂತು, ನಡುವೆ ಒಬ್ಬನೇ ಮನುಷ್ಯ. ಅಗ್ನಿಶಾಮಕದವರು, ಪೊಲೀಸರು ಬಂದು ಧೈರ್ಯ ಹೇಳಿ, ಅವನು ತೆವಳಿಕೊಂಡು ಈಚೆ ಬಂದ. ಬದುಕಿದ. ಗಾಳಿ ಏಳುವ ಮುಂಚೆಯೇ ಗೇಟು ಮುಚ್ಚಬೇಕಿತ್ತು. ಆ ಹೊತ್ತಿಗೆ ಒಬ್ಬ ಮನುಷ್ಯ ಸೇತುವೆ ಮೇಲೆ ಯಾಕಿದ್ದ?

ನಾನು ಹೇಳಬೇಕು ಅಂತಿರುವುದು ಇದನ್ನೇ. ಗಾಜು, ಕೇಬಲ್, ಕಾಂಕ್ರೀಟು ಇವೆಲ್ಲ ಒಂದು ಸಲ ಮಾಡಿ ಮುಗಿಸುವ ಕೆಲಸ. ಎಷ್ಟು ಜನ ಒಳಗಿದ್ದಾರೆ ಅಂತ ಎಣಿಸುವುದು, ಗಾಳಿಯ ವೇಗ ನೋಡಿ ಬಂದ್ ಮಾಡುವುದು, ಕೇಬಲ್ ಬುಡದಲ್ಲಿ ತುಕ್ಕು ಹಿಡಿದಿದೆಯಾ ಅಂತ ಬಗ್ಗಿ ನೋಡುವುದು, ಇವು ದಿನಾ ಮಾಡಬೇಕಾದ ಕೆಲಸ. ಉದ್ಘಾಟನೆ ದಿನ ಇದರ ಫೋಟೋ ಯಾರೂ ತೆಗೆಯಲ್ಲ. ಮತ್ತು ಇದನ್ನು ಮಾಡಿದಷ್ಟೂ ಟಿಕೆಟ್ ಆದಾಯ ಕಡಿಮೆ ಆಗುತ್ತೆ. ಟಿಕೆಟ್ ಮಾರುವವರ ಕೈಗೇ ಗೇಟು ಮುಚ್ಚುವ ಕೆಲಸವನ್ನೂ ಕೊಟ್ಟರೆ, ಭಾನುವಾರ ಮಧ್ಯಾಹ್ನ ಸಾಲು ಉದ್ದ ಇರುವಾಗ ಅವರು ಮುಚ್ಚುತ್ತಾರಾ?

ಮೊರ್ಬಿ ನೆನಪಿಸಿಕೊಳ್ಳಿ. ಗುಜರಾತಿನ ಆ ತೂಗುಸೇತುವೆ ಬೆಟ್ಟದ ಮೇಲಿನದ್ದಲ್ಲ, ಗಾಜಿನದ್ದೂ ಅಲ್ಲ. ಆದರೆ ಟಿಕೆಟ್ ಕೊಟ್ಟು ಹೋಗುವ, ಅಲ್ಲಾಡುವ ಮಜಕ್ಕೆ ಹೋಗುವ ಪ್ರವಾಸಿ ಸೇತುವೆಯೇ. ರಿಪೇರಿ ಮುಗಿಸಿ 2022ರ ಅಕ್ಟೋಬರ್ 26ಕ್ಕೆ ತೆರೆದರು. ನಾಲ್ಕು ದಿನ ಕಳೆದು, 30ರ ಸಂಜೆ ಕುಸಿಯಿತು. 135 ಜನ ಸತ್ತರು, ಅವರಲ್ಲಿ ಎಷ್ಟೊಂದು ಮಕ್ಕಳು. ತನಿಖಾ ತಂಡ ಆಮೇಲೆ ಹೇಳಿದ್ದು ಓದಿದಾಗ ಹೊಟ್ಟೆ ಉರಿಯಿತು. ಮುಖ್ಯ ಕೇಬಲ್ ಒಂದರಲ್ಲಿ 49 ತಂತಿ ಇದ್ದವು, ಅದರಲ್ಲಿ 22 ಮೊದಲೇ ತುಕ್ಕು ಹಿಡಿದು ಹೋಗಿದ್ದವು. ರಿಪೇರಿ ಅಂದರೆ ನೆಲಕ್ಕೆ ಹೊಸ ಅಲ್ಯೂಮಿನಿಯಂ ಹಾಸು ಹಾಕಿದ್ದರು, ಕೇಬಲ್ ಹಾಗೇ ಬಿಟ್ಟಿದ್ದರು. ಕಣ್ಣಿಗೆ ಕಾಣುವುದು ಹೊಸದಾಯಿತು, ಭಾರ ಹೊರುವುದು ಹಳೆಯದೇ ಉಳಿಯಿತು. ಆ ದಿನ ಮೂರು ಸಾವಿರಕ್ಕೂ ಜಾಸ್ತಿ ಟಿಕೆಟ್ ಮಾರಿದ್ದರು. ಒಂದೇ ಸಲಕ್ಕೆ ಎಷ್ಟು ಜನ ಅನ್ನುವುದಕ್ಕೆ ಲಗಾಮು ಇರಲಿಲ್ಲ.

ಅದಾದ ಮರುದಿನಗಳಲ್ಲೇ ನಮ್ಮ ಉತ್ತರ ಕನ್ನಡದ ಶಿವಪುರ ತೂಗುಸೇತುವೆ ಮೇಲೆ ಪ್ರವಾಸಿಗರು ಕಾರು ಹತ್ತಿಸಿದರು! ಮನುಷ್ಯರು ನಡೆಯೋಕೆ, ಹೆಚ್ಚೆಂದರೆ ಬೈಕು ದಾಟೋಕೆ ಇರುವ ಸೇತುವೆ ಅದು. ಊರಿನವರು ತಡೆದು, ಗದರಿಸಿ, ಹಿಂದಕ್ಕೆ ತೆಗೆಸಿದರು. ಗೇಟಿನಲ್ಲಿ ನಿಂತಿದ್ದು ಯಾವ ಇಲಾಖೆಯೂ ಅಲ್ಲ, ದಿನಾ ಅದರ ಮೇಲೆ ಓಡಾಡುವ ಜನ.

ಹಾಗೆ ನೋಡಿದರೆ ಚೀನಾ ಈ ವಿಷಯದಲ್ಲಿ ಪೆಟ್ಟು ತಿಂದು ಕಲಿಯಿತು. ಝಾಂಗ್‌ಜಿಯಾಜಿ ಗೆದ್ದ ಮೇಲೆ ಅಲ್ಲಿ ಊರೂರಿಗೂ ಗಾಜಿನ ಸೇತುವೆ ಬಂತು. ಒಂದು ಅಂದಾಜಿನ ಪ್ರಕಾರ ದೇಶದಲ್ಲಿ 2,300. ಹೆಬೆಯ್ ಪ್ರಾಂತ್ಯದ ಹಾಂಗ್ಯಾಗು ಕಣಿವೆಯಲ್ಲಿ 2017ರ ಕೊನೆಗೆ 488 ಮೀಟರ್ ಉದ್ದದ್ದು ತೆರೆದರು. ಎರಡು ವರ್ಷ ತುಂಬುವ ಮೊದಲೇ ಅದನ್ನೂ ಸೇರಿಸಿ ಆ ಪ್ರಾಂತ್ಯದ 32 ಗಾಜಿನ ಆಕರ್ಷಣೆಗಳನ್ನು ಸರ್ಕಾರವೇ ತಪಾಸಣೆಗೆ ಅಂತ ಮುಚ್ಚಿಸಿತು. ಅದೇ 2019ರಲ್ಲಿ ಗುವಾಂಗ್ಸಿಯಲ್ಲಿ ಮಳೆಗೆ ಒದ್ದೆಯಾದ ಗಾಜಿನ ಜಾರುಬಂಡೆಯಲ್ಲಿ ಒಬ್ಬ ಪ್ರವಾಸಿ ವೇಗ ತಡೆಯಲಾಗದೆ ಹೊರಗೆ ಹಾರಿ ಸತ್ತಿದ್ದ. ಬೇಗ ಬೇಗ ಕಟ್ಟಿದ್ದೂ ಅವರೇ. ಸರಸರ ಮುಚ್ಚಿಸಿದ್ದೂ ಅವರೇ. ಆ ಎರಡನೆಯದನ್ನು ನಾವು ನೋಡಿ ಕಲಿಯಬೇಕು.

ದಾಖಲೆ ಹುಚ್ಚು ಕೂಡ ಇದಕ್ಕೆ ಒಂದು ಕಾರಣ. 430 ಮೀಟರನ್ನು 488 ಮುರಿಯಿತು. ಅದನ್ನು ಗುವಾಂಗ್‌ಡಾಂಗ್‌ನ ಲಿಯಾಂಝೌದಲ್ಲಿ 526 ಮೀಟರಿನ ಸೇತುವೆ ಮುರಿಯಿತು. 2022ರಲ್ಲಿ ವಿಯೆಟ್ನಾಮಿನ ಮೋಕ್ ಚೌನಲ್ಲಿ ಬಂದ ಬಾಕ್ ಲಾಂಗ್ ಸೇತುವೆ 632 ಮೀಟರಿಗೆ ಹೋಯಿತು. ಗಾಜಿಲ್ಲದ ತೂಗುಸೇತುವೆಗಳಲ್ಲೂ ಇದೇ ಪೈಪೋಟಿ, ಝೆಕ್ ದೇಶದ ಡೋಲ್ನಿ ಮೊರಾವಾದಲ್ಲಿ 2022ರ ಮೇ ತಿಂಗಳಲ್ಲಿ 721 ಮೀಟರಿನದ್ದು ತೆರೆದಾಗ ಪೋರ್ಚುಗಲ್‌ನ ಅರೋಕಾದ 516 ಮೀಟರಿನ ಸೇತುವೆಗೆ ಸುಮಾರು ಒಂದೇ ವರ್ಷ ಆಗಿತ್ತು. ದಾಖಲೆ ಒಂದೆರಡು ವರ್ಷ ಇರುತ್ತೆ. ಕೇಬಲ್ ನೋಡಿಕೊಳ್ಳುವ ಖರ್ಚು ಮೂವತ್ತು, ನಲವತ್ತು ವರ್ಷ ಇರುತ್ತೆ. ದಾಖಲೆ ಹೋದ ಮೇಲೆ ಜನ ಕಡಿಮೆ ಆದರೆ ಆ ದುಡ್ಡು ಎಲ್ಲಿಂದ ಬರುತ್ತೆ?

ಎಲ್ಲ ಎತ್ತರದ ಸೇತುವೆಗಳೂ ಬರೀ ತೋರಿಕೆಗೆ ಅಂತ ನಾನು ಹೇಳುತ್ತಿಲ್ಲ. ಸ್ವಿಟ್ಜರ್ಲೆಂಡಿನ ರಾಂಡಾ ಅನ್ನುವ ಹಳ್ಳಿಯ ಮೇಲಿರುವ ಚಾರ್ಲ್ಸ್ ಕುವೋನೆನ್ ಸೇತುವೆ ನನಗೆ ತುಂಬಾ ಇಷ್ಟ. 494 ಮೀಟರ್ ಉದ್ದ, ಅಗಲ ಬರೀ 65 ಸೆಂಟಿಮೀಟರ್, ಎದುರಿಂದ ಒಬ್ಬರು ಬಂದರೆ ಮೈ ಓರೆ ಮಾಡಿ ದಾಟಬೇಕು. ಅದನ್ನು ಕಟ್ಟಿದ್ದು ಒಂದು ಅಗತ್ಯಕ್ಕೆ. ಗ್ರೆಖೆನ್‌ನಿಂದ ಝೆರ್ಮಾಟ್‌ಗೆ ಎರಡು ದಿನದ ಚಾರಣದ ದಾರಿ ಇದೆ. ಅಲ್ಲಿ 2010ರಲ್ಲಿ ಕಟ್ಟಿದ ಸೇತುವೆ ಬಂಡೆ ಉರುಳಿ ಹಾಳಾಯಿತು. ನಡೆಯುವವರು ನೂರಾರು ಮೀಟರ್ ಇಳಿದು ಮತ್ತೆ ಹತ್ತಬೇಕಾಗಿತ್ತು. 2017ರ ಜುಲೈನಲ್ಲಿ ಹೊಸದು ಬಂತು, ಗಂಟೆಗಟ್ಟಲೆಯ ಸುತ್ತು ಹತ್ತು ನಿಮಿಷಕ್ಕೆ ಇಳಿಯಿತು. ತೂಗಾಟ ತಗ್ಗಿಸುವ ಏರ್ಪಾಡನ್ನು ಮೊದಲೇ ಕೂರಿಸಿದ್ದಾರೆ. ಅದನ್ನು ನೋಡಬೇಕು ಅಂದರೆ ಹಳ್ಳಿಯಿಂದ ಎರಡು ಗಂಟೆ ಹತ್ತಬೇಕು. ಆ ಹತ್ತುವಿಕೆಯೇ ಜನರನ್ನು ಸೋಸುತ್ತೆ.

ಅದೇ ದೇಶದ ಟ್ರಿಫ್ಟ್ ಸೇತುವೆಯದ್ದು ಇನ್ನೂ ಮನ ಕಲಕುವ ಕಥೆ. ಮೊದಲು ಅಲ್ಲಿ ಹಿಮನದಿಯ ಮೇಲೇ ನಡೆದುಕೊಂಡು ಬೆಟ್ಟದ ಮನೆಗೆ ಹೋಗುತ್ತಿದ್ದರು. ಹಿಮ ಕರಗಿ ಕೆಳಗಿಳಿಯಿತು, ದಾರಿಯೇ ಹೋಯಿತು. ಅದಕ್ಕೆ 2004ರಲ್ಲಿ ನೇಪಾಳದ ಹಗ್ಗದ ಸೇತುವೆಗಳ ಮಾದರಿಯಲ್ಲಿ ಒಂದು ಸೇತುವೆ ಕಟ್ಟಿದರು. ಜನ ಜಾಸ್ತಿ ಬರೋಕೆ ಶುರುವಾದ ಮೇಲೆ 2009ರಲ್ಲಿ ಅದನ್ನು ತೆಗೆದು, 170 ಮೀಟರಿನ ಹೊಸದನ್ನು ಹಾಕಿದರು. ಶ್ರೀಮಂತ ದೇಶವೊಂದು ನೇಪಾಳದ ಹಳ್ಳಿಗರಿಂದ ಕಲಿತು ಕಟ್ಟಿದ ಸೇತುವೆ! ನೇಪಾಳದಲ್ಲಿ ಬಾಗ್ಲುಂಗ್ ಮತ್ತು ಪರ್ಬತ್ ನಡುವೆ ಕಾಳಿ ಗಂಡಕಿಯ ಮೇಲೆ 567 ಮೀಟರಿನ ಕಾಲುಸೇತುವೆ ಇದೆ. ಪ್ರವಾಸಿಗರು ಫೋಟೋಗೆ ಹೋಗುತ್ತಾರೆ, ಆದರೆ ಅದು ಆಚೆ ದಡ ಈಚೆ ದಡದ ಜನ ಓಡಾಡುವ ದಾರಿಯೂ ಹೌದು.

ನಮ್ಮಲ್ಲಿ ಅಂಥದ್ದು ಇಲ್ಲವಾ? ಇದೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಶಾಲೆಗೆ ಹೋಗಲಾಗದ ಮಕ್ಕಳು, ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾದ ಬಾಣಂತಿಯರು ಇರುವ ಊರುಗಳಿಗೆ ಆಮೇಲೆ ನೂರಕ್ಕೂ ಜಾಸ್ತಿ ಸೇತುವೆ ಕಟ್ಟಿದರು, ಕರ್ನಾಟಕದಲ್ಲಿ, ಕೇರಳದಲ್ಲಿ, ಒಡಿಶಾದವರೆಗೆ. 2017ರಲ್ಲಿ ಪದ್ಮಶ್ರೀ ಬಂತು. ಅಂಥ ಸೇತುವೆಯ ಒಂದು ಹಲಗೆ ಸಡಿಲ ಆದರೆ ಅದೇ ದಿನ ಊರಿಗೆಲ್ಲ ಗೊತ್ತಾಗುತ್ತೆ, ಯಾಕೆಂದರೆ ನಾಳೆ ಬೆಳಿಗ್ಗೆ ತಮ್ಮದೇ ಮಗು ಅದರ ಮೇಲೆ ಹೋಗಬೇಕು. ಪ್ರವಾಸಿ ಸೇತುವೆಗೆ ಹೀಗೆ ಕಾಯುವ ಕಣ್ಣುಗಳಿಲ್ಲ. ನಾವು ಜೀವಮಾನದಲ್ಲಿ ಒಂದು ಸಲ ಹೋಗಿ ಬರುತ್ತೇವೆ, ಹೋದ ತಿಂಗಳು ಹೇಗಿತ್ತು ಅಂತ ನಮಗೆ ಗೊತ್ತಿರಲ್ಲ. ಆ ಕಣ್ಣಿನ ಜಾಗಕ್ಕೆ ಒಂದು ನಿಯಮ, ಒಬ್ಬ ಮನುಷ್ಯ, ಒಂದು ರಿಜಿಸ್ಟರ್ ಬರಬೇಕು.

ಕಳೆದ ಡಿಸೆಂಬರ್‌ನಲ್ಲಿ ಅಕ್ಕನ ಮನೆಯವರ ಜೊತೆ ಘಟ್ಟದ ಒಂದು ಖಾಸಗಿ ಗಾಜಿನ ಸೇತುವೆಗೆ ಹೋಗಿದ್ದೆ. ಹೆಸರು ಬೇಡ. ಚಪ್ಪಲಿ ಬಿಚ್ಚಿಸಿ ಬಟ್ಟೆಯ ಕಾಲುಚೀಲ ಕೊಟ್ಟರು, ಅದೊಂದು ಒಳ್ಳೆಯದು, ಗಾಜು ಗೀರುವುದಿಲ್ಲ. ಬಾಗಿಲಲ್ಲಿ ಒಂದು ಬೋರ್ಡು: ಒಮ್ಮೆಗೆ 40 ಜನ ಮಾತ್ರ. ಬೋರ್ಡಿನ ಕೆಳಗೆ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ, ಕತ್ತಿನಲ್ಲಿ ವಿಸಿಲ್. ಟಿಕೆಟ್ ಹರಿಯುವುದು, ಕಾಲುಚೀಲ ಕೊಡುವುದು, ಫೋಟೋ ತೆಗೆದುಕೊಡುವುದು, ಹೊರಗೆ ಬನ್ನಿ ಅಂತ ವಿಸಿಲ್ ಊದುವುದು, ಎಲ್ಲಾ ಅವನೊಬ್ಬನೇ. ಎಂಟನೇ ಕ್ಲಾಸಿನ ಅಕ್ಕನ ಮಗಳು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು, "ಮಾಮ, ಇಲ್ಲಿ ನಲವತ್ತಕ್ಕಿಂತ ಜಾಸ್ತಿ ಜನ ಇದ್ದಾರೆ" ಅಂದಳು. ಎಣಿಸಿದೆವು. 57. ಹುಡುಗನನ್ನು ಕೇಳಿದೆ.

"ಏನೂ ಆಗಲ್ಲ ಸಾರ್, ಆನೆ ಬಂದ್ರೂ ತಡೀತದೆ."

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೋ ಹಾಗೆ ಹೇಳಿಕೊಟ್ಟಿದ್ದಾರೆ, ಅವನು ನಂಬಿದ್ದಾನೆ. ಸಂಜೆವರೆಗೆ ನಿಂತು ಬೆವರುತ್ತಾ ನಾಲ್ಕು ಜನರ ಕೆಲಸ ಮಾಡುತ್ತಿದ್ದ. ಗಾಳಿ ಅಳೆಯುವ ಯಂತ್ರ ಎಲ್ಲಾದರೂ ಇದೆಯಾ ಅಂತ ನಾನು ಸುತ್ತ ನೋಡಿದೆ, ಕಾಣಲಿಲ್ಲ. ಕೊನೆಯ ಸಲ ಯಾವಾಗ ತಪಾಸಣೆ ಆಯಿತು ಅನ್ನುವ ಒಂದು ಚೀಟಿಯೂ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಎಷ್ಟು ಜನ, ಎಷ್ಟು ಕಿಲೋ ಅಂತ ಬರೆದಿರುತ್ತೆ, ಜಾಸ್ತಿ ಆದರೆ ಅದೇ ಬಡಿದುಕೊಂಡು ನಿಲ್ಲುತ್ತೆ. ಪ್ರಪಾತದ ಮೇಲಿನ ಸೇತುವೆಗೆ ಅಷ್ಟೂ ಇಲ್ಲ ಅಂದರೆ ಹೇಗೆ?

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಒಳಹೋಗುವ ಕಡೆ, ಹೊರಬರುವ ಕಡೆ ತಿರುಗುವ ಗೇಟು ಹಾಕಿ, ಒಳಗಿರುವವರ ಸಂಖ್ಯೆ ಎಲ್ಲರಿಗೂ ಕಾಣುವ ಹಾಗೆ ತೋರಿಸಿ. ಗಾಳಿ ಇಷ್ಟು ವೇಗ ದಾಟಿದರೆ ಬಂದ್ ಅನ್ನುವ ಅಂಕಿ ಬೋರ್ಡಿನ ಮೇಲೆ ಇರಲಿ, ಅದು ಮ್ಯಾನೇಜರ್ ಮನಸ್ಸಿಗೆ ಬಿಟ್ಟ ವಿಷಯ ಆಗಬಾರದು. ಗಾಜಿನ ಅಂಚು, ತಿರುಪು ಕೂರುವ ತೂತು, ಪದರಗಳ ನಡುವೆ ನೀರು ಇಳಿದಿರುವ ಬಿಳಿ ಮಚ್ಚೆ, ಕೇಬಲ್ ನೆಲಕ್ಕೆ ಇಳಿಯುವ ಬುಡ, ಇವನ್ನು ಹೊರಗಿನ ಎಂಜಿನಿಯರ್ ವರ್ಷಕ್ಕೊಮ್ಮೆ ನೋಡಿ ಸಹಿ ಹಾಕಲಿ, ಆ ಹಾಳೆ ಟಿಕೆಟ್ ಕಿಟಕಿಗೆ ಅಂಟಿಸಲಿ. ಝಾಂಗ್‌ಜಿಯಾಜಿಯಲ್ಲಿ ಇವತ್ತು ಮೊದಲೇ ಸಮಯ ಕಾದಿರಿಸಿ ಹೋಗಬೇಕು, ಹೈ ಹೀಲ್ಸ್ ಹಾಕುವ ಹಾಗಿಲ್ಲ, ದೊಡ್ಡ ಕ್ಯಾಮೆರಾ, ಸೆಲ್ಫಿ ಕೋಲು ಒಯ್ಯುವ ಹಾಗಿಲ್ಲ. ಡೋಲ್ನಿ ಮೊರಾವಾದಲ್ಲಿ ಒಂದೇ ದಿಕ್ಕಿಗೆ ನಡೆಯಬೇಕು, ತಿರುಗಿ ಬರುವ ಹಾಗಿಲ್ಲ. ಇದರಿಂದ ಅಲ್ಲಿ ಯಾರೂ ಹೋಗುವುದು ಬಿಟ್ಟಿಲ್ಲ.

ನಮ್ಮ ಘಟ್ಟಕ್ಕೆ ಇನ್ನೊಂದು ವಿಷಯ ಜಾಸ್ತಿ ಇದೆ, ಮಣ್ಣು. ಝಾಂಗ್‌ಜಿಯಾಜಿ ಸೇತುವೆಯ ಎರಡೂ ತುದಿ ಕಲ್ಲಿನ ಬಂಡೆಗೆ ಕಚ್ಚಿಕೊಂಡಿವೆ. ಕೊಡಗಿನ, ವಯನಾಡಿನ ಗುಡ್ಡಗಳಲ್ಲಿ ಎಷ್ಟೋ ಕಡೆ ಮೇಲೆ ದಪ್ಪ ಮಣ್ಣು, ಅದರ ಕೆಳಗೆ ಬಂಡೆ, ನಡುವೆ ಮಳೆಗಾಲದ ನೀರು. 2018ರಲ್ಲಿ ಕೊಡಗಿನ ಗುಡ್ಡಗಳು ಹೇಗೆ ಜಾರಿದವು, 2024ರ ಜುಲೈನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಏನಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಜೋರಾದಾಗ ಗಾಜಿನ ಸೇತುವೆ ಮುಚ್ಚಿ ಅಂತ ಕೊಡಗಿನ ಜಿಲ್ಲಾಡಳಿತದಿಂದ ಆದೇಶ ಬಂದದ್ದುಂಟು. ವಾಗಮಣ್‌ ಸೇತುವೆಯೂ 2024ರ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಂದ್ ಇತ್ತು. ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇನೆ. ಆದರೆ ಮಳೆ ನಿಂತ ಮೇಲೆ ಮತ್ತೆ ತೆರೆಯುವ ಮುಂಚೆ ಕಂಬದ ಬುಡದ ಮಣ್ಣು ಎಷ್ಟು ಕುಸಿದಿದೆ, ಹೊಸ ಬಿರುಕು ಬಿಟ್ಟಿದೆಯಾ ಅಂತ ಯಾರು ನೋಡಿದರು, ಏನು ಬರೆದರು ಅನ್ನುವುದು ಟಿಕೆಟ್ ಕೊಳ್ಳುವ ನಮಗೂ ಗೊತ್ತಾಗಬೇಕು. ಮುಂದಿನ ಸಲ ಅಂಥ ಕಡೆ ಹೋದಾಗ ಫೋಟೋಗೆ ನಿಲ್ಲುವ ಮುಂಚೆ ಆ ಹಾಳೆ ತೋರಿಸಿ ಅಂತ ಕೇಳುತ್ತೇನೆ. ನೀವೂ ಕೇಳಿ. ಹತ್ತು ಜನ ಕೇಳಿದರೆ ಆ ವಿಸಿಲ್ ಹುಡುಗ ತನ್ನ ಮಾಲೀಕರನ್ನು ಕೇಳುತ್ತಾನೆ.